ಕಂಪ್ಯೂಟರ್ ಹುಟ್ಟಿದ ಘಳಿಗೆ

ಶ್ರೀರಂಗಪಟ್ಟಣದ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಶಾಮಣ್ಣ ಜೋಯಿಸರ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಸುತ್ತಿನ ಹಳ್ಳಿಗಳ ಜನ ಮಗು ಹುಟ್ಟಿದ ವೇಳೆಯನ್ನು ಬೀಡಿ ಕಟ್ಟಿನ ಕಾಗದದ ಮೇಲೋ ಅಂಗೈ ಮೇಲೋ ಬರೆದುಕೊಂಡು ಅಲ್ಲಿಗೆ ಬರುತ್ತಿದ್ದರು. ಜೋಯಿಸರು ಮೂರು ದಿನ ತೆಗೆದುಕೊಂಡು, ಕೆಂಪು ಶಾಯಿಯಲ್ಲಿ ಕುಂಡಲಿ, ಕಪ್ಪು ಶಾಯಿಯಲ್ಲಿ ಫಲ ಬರೆದು, ಅರಿಶಿನ ಸವರಿ ಕೊಡುತ್ತಿದ್ದರು. ಮೂವತ್ತು ವರ್ಷ ಹೀಗೆ ನಡೆಯಿತು. ತೊಂಬತ್ತಾರನೆಯ ಇಸವಿಯಲ್ಲಿ ಈ ಜನಕ್ಕೆ ಏನು ಬಡಿಯಿತೋ ಕಾಣೆ, ಬಂದವರೆಲ್ಲ ಕೂರುವ ಮೊದಲೇ "ಕಂಪ್ಯೂಟರ್ ಜಾತಕ ಐತಾ ಸ್ವಾಮಿ?" ಎಂದು ಕೇಳತೊಡಗಿದರು. ಇಲ್ಲ ಎಂದರೆ ಮುಂದಿನ ರೈಲು ಹಿಡಿದು ಮೈಸೂರಿಗೆ ಹೋಗುತ್ತಿದ್ದರು. ಜೋಯಿಸರು ಒಂದು ವರ್ಷ ಹಟ ಹಿಡಿದು, ಕೊನೆಗೆ ತೊಂಬತ್ತೇಳರ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ, "ನಾವೂ ಒಂದು ತಂದುಬಿಡೋಣ" ಎಂದರು.

ತರುವುದೇನೋ ಸರಿ, ಎಂಥದ್ದು ತರುವುದು? ಇಲ್ಲಿಂದ ಮನೆಯಲ್ಲಿ ಜಗಳ ಶುರುವಾಯಿತು.

ಮಗ ರಾಘವ ಮೈಸೂರಿನ ಔಷಧಿ ಏಜೆನ್ಸಿಯೊಂದರಲ್ಲಿ ಗುಮಾಸ್ತನಾಗಿದ್ದ. ಅವನು ಮಾರನೆಯ ದಿನವೇ ನುಣುಪು ಕಾಗದದ ಪುಸ್ತಿಕೆಯೊಂದನ್ನು ತಂದು ತಂದೆಯ ಪಂಚಾಂಗದ ಮೇಲಿಟ್ಟ. ಕಂಪನಿ ಕಂಪ್ಯೂಟರ್. ಡಬ್ಬ ಒಡೆಯುವುದು, ಪ್ಲಗ್ಗು ಚುಚ್ಚುವುದು, ಅಷ್ಟೇ ಕೆಲಸ. ಕರೆಂಟು ಹೋದರೂ ಅರ್ಧ ಗಂಟೆ ಓಡುವ ಯುಪಿಎಸ್ ಪೆಟ್ಟಿಗೆ ಜೊತೆಗೇ ಬರುತ್ತದೆ. ಮನೆಯ ಒಬ್ಬರಿಗೆ ಮೂರು ದಿನದ ತರಬೇತಿ ಪುಕ್ಕಟೆ. ಆ ಒಬ್ಬರು ತಾನೇ ಎಂದು ರಾಘವ ಬಾಯಿಬಿಟ್ಟು ಹೇಳದಿದ್ದರೂ ಅವನು ಕಾಲರು ಸರಿಮಾಡಿಕೊಂಡ ರೀತಿಯಲ್ಲೇ ಎಲ್ಲ ಇತ್ತು.

"ಅಪ್ಪ, ನಾನು ಆರು ತಿಂಗಳು ಕಂಪ್ಯೂಟರ್ ಕೋರ್ಸೇ ಮಾಡಿದೀನಲ್ಲ" ಎಂದಳು ಮಗಳು ಅರ್ಚನ.

"ನೀನು ಇನ್ನೊಂದು ವರ್ಷಕ್ಕೆ ಗಂಡನ ಮನೆಗೆ ಹೋಗೋಳು" ಎಂದ ರಾಘವ. "ಆಮೇಲೆ ಅದನ್ನ ಯಾರು ನೋಡ್ಕೋತಾರೆ? ಸಾಯಂಕಾಲ ಬಂದು, ಭಾನುವಾರ ಪೂರ್ತಿ ನಾನೇ ಕೂತ್ಕೋತೀನಿ."

ಅರ್ಚನಳಿಗೆ ಬೇಕಾಗಿದ್ದದ್ದು ಒಂದೇ ಒಂದು, ಆ ಕಂಪ್ಯೂಟರಿನ ಎದುರಿನ ಕುರ್ಚಿ. ಇಪ್ಪತ್ತೊಂದು ವರ್ಷ ಆ ಮನೆಯಲ್ಲಿ ಅವಳು ಕೂತದ್ದೆಲ್ಲ ಇನ್ನೊಬ್ಬರು ಎದ್ದು ಹೋದ ಜಾಗದಲ್ಲಿ. ಡಬ್ಬದಲ್ಲಿ ಬಂದ ಕಂಪ್ಯೂಟರ್ ಡಬ್ಬ ತಂದವನದಾಗುತ್ತದೆ, ಕೈಯಾರೆ ಜೋಡಿಸಿದ್ದು ಜೋಡಿಸಿದವಳದಾಗುತ್ತದೆ, ಇದು ಅವಳ ಲೆಕ್ಕಾಚಾರ. ಕೋರ್ಸಿನಲ್ಲಿ ಜೊತೆಗಿದ್ದ ಚಿನಕುರಳಿಯ ಪ್ರಮೀಳಾ ಆಗಲೇ ಪಾಂಡವಪುರದಲ್ಲಿ ಇಬ್ಬರಿಗೆ ಬಿಡಿಭಾಗ ತಂದು ಜೋಡಿಸಿ ಕೊಟ್ಟಿದ್ದಳು. ಕಂಪನಿಯದರ ಅರ್ಧಕ್ಕೆ ಸ್ವಲ್ಪ ಮೇಲೆ ಬೆಲೆ. ಆದರೆ ಅಗ್ಗ ಎಂದು ಹೇಳಿದರೆ ಅಪ್ಪ ಒಪ್ಪುವವರಲ್ಲ, ಅಗ್ಗದ ಸಾಮಾನನ್ನು ಅವರು ಮನೆಯೊಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅಪ್ಪನನ್ನು ಅಪ್ಪನ ದಾರಿಯಲ್ಲೇ ಹೋಗಿ ಹಿಡಿಯಬೇಕು. ಎರಡು ರಾತ್ರಿ ಯೋಚಿಸಿ, ಮೂರನೆಯ ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತ ಏನೂ ಅರಿಯದವಳ ಹಾಗೆ ಕೇಳಿದಳು.

"ಅಪ್ಪ, ಆ ಕಂಪನಿ ಕಂಪ್ಯೂಟರ್ ಹುಟ್ಟಿದ್ದು ಯಾವ ಘಳಿಗೇಲಿ?"

"ಹುಟ್ಟೋಕೆ ಅದೇನು ಕರುವೇನೇ?" ರಾಘವ ನಕ್ಕ.

"ಫ್ಯಾಕ್ಟರೀಲಿ ಯಾರೋ ಕೊನೇ ಸ್ಕ್ರೂ ಬಿಗಿದು ಮೊದಲನೇ ಸಲ ಸ್ವಿಚ್ ಹಾಕಿರ್ತಾರಲ್ಲ, ಅದೇ ಹುಟ್ಟಿದ ಹೊತ್ತು. ಅವತ್ತು ಅಮಾವಾಸ್ಯೆಯೋ, ಗ್ರಹಣವೋ ಯಾರಿಗೆ ಗೊತ್ತು? ರಾಹುಕಾಲದಲ್ಲೇ ಹುಟ್ಟಿದ್ದಾದ್ರೆ? ಅಂಥದರ ಕೈಲಿ ಸುತ್ತ ನಾಲ್ಕು ತಾಲ್ಲೂಕಿನ ಮಕ್ಕಳ ಜಾತಕ ಬರೆಸೋದೇ? ನಾವೇ ಜೋಡಿಸಿದ್ರೆ ಘಳಿಗೆ ನಮ್ಮ ಕೈಲಿರುತ್ತೆ. ನೀವು ಇಟ್ಟ ಮುಹೂರ್ತಕ್ಕೆ ಹುಟ್ಟುತ್ತೆ."

ಜೋಯಿಸರು ಕಾಫಿ ಕುಡಿಯುವುದನ್ನು ಬಿಟ್ಟು ಮಗಳ ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಅವರ ತುಟಿಯ ತುದಿಯಲ್ಲಿ ಏನೋ ಬಂದು ಹೋಯಿತು. ಒಳಗೆ ಮೊಸರು ಕಡೆಯುತ್ತಿದ್ದ ಅಮ್ಮ ಇಂದಿರ ಕಡೆಯುವುದನ್ನು ನಿಲ್ಲಿಸಿದರು. ಗಾಳಕ್ಕೆ ಮೀನು ಬಿತ್ತು ಎಂದುಕೊಂಡಳು ಅರ್ಚನ.

"ರಾಹುಕಾಲದಲ್ಲಿ ಹುಟ್ಟಿದ್ರೆ ಕಷ್ಟವೇ" ಎಂದರು ಜೋಯಿಸರು ನಿಧಾನವಾಗಿ. "ಸರಿ, ಜೋಡಿಸಿದ್ದೇ ಆಗಲಿ."

ರಾಘವನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅವನೂ ಜೋಯಿಸರ ಮಗನೇ ತಾನೆ, ಸುಮ್ಮನೆ ಬಿಡಲಿಲ್ಲ. ಹೇಳಿದ ಘಳಿಗೆಯಲ್ಲಿ ಅದು ಹುಟ್ಟದಿದ್ದರೆ ಸಾಮಾನೆಲ್ಲ ವಾಪಸು, ಆ ಶನಿವಾರವೇ ಕಂಪನಿ ಏಜೆಂಟನ್ನು ಮನೆಗೆ ಕರೆತರುವುದು, ಕುರ್ಚಿ ತನ್ನದು, ಹೀಗೆಂದು ತಂದೆಯಿಂದ ಮಾತು ತೆಗೆದುಕೊಂಡ.

ಆಮೇಲೆ ಜೋಯಿಸರು ವಾರವಿಡೀ ತಲೆ ಕೆಡಿಸಿಕೊಂಡದ್ದು ಇನ್ನೊಂದಕ್ಕೆ. ಕಂಪ್ಯೂಟರ್ ಹುಟ್ಟುವುದು ಎಂದರೆ ಯಾವಾಗ? ಕೊನೆಯ ಸ್ಕ್ರೂ ಬಿಗಿದಾಗಲೋ, ಕರೆಂಟು ಹರಿದಾಗಲೋ? ಮಗುವಿನ ವಿಚಾರದಲ್ಲೂ ತಲೆ ಕಂಡಾಗ ಎನ್ನುವವರಿದ್ದಾರೆ, ನೆಲ ಮುಟ್ಟಿದಾಗ ಎನ್ನುವವರಿದ್ದಾರೆ. ತಮ್ಮ ತಂದೆ ಹೇಳಿಕೊಟ್ಟದ್ದು ಮೊದಲ ಅಳು. ಅಳುವ ಪದ್ಧತಿ ಕಂಪ್ಯೂಟರಿಗೆ ಉಂಟೋ ಎಂದು ಅವರು ಪ್ರಮೀಳಾಳನ್ನೇ ಕರೆಸಿ ಕೇಳಿದರು.

"ಉಂಟು ಸ್ವಾಮಿ" ಎಂದಳು ಪ್ರಮೀಳಾ, ನಗು ಹಲ್ಲಲ್ಲಿ ಕಚ್ಚಿ ಹಿಡಿದು. "ಎಲ್ಲಾ ನೆಟ್ಗಿದ್ರೆ ಸ್ವಿಚ್ ಆಕಿದ ತಕ್ಷಣ ಒಂದ್ಸಲ 'ಕೀ' ಅಂತದೆ. ಏನಾರ ಸಡ್ಲ ಆಗಿದ್ರೆ ಬುಡದೆ ಬಡ್ಕತದೆ."

"ಒಂದು ಸಲ ಕೂಗಿದ್ದೇ ಜನನ" ಎಂದು ಜೋಯಿಸರು ಬರೆದುಕೊಂಡರು.

ಮಾಘ ಮಾಸದ ಒಂದು ಗುರುವಾರ ಸಿಕ್ಕಿತು. ವೃಷಭ ಲಗ್ನ, ಹನ್ನೊಂದು ನಲವತ್ತರಿಂದ ಹನ್ನೆರಡು ಗಂಟೆ ನಾಲ್ಕು ನಿಮಿಷದವರೆಗೆ ಸರಿಯಾಗಿ ಒಂದು ಘಳಿಗೆ. ಅದು ತಪ್ಪಿದರೆ ಮುಂದಿನದಕ್ಕೆ ಇಪ್ಪತ್ತೆರಡು ದಿನ ಕಾಯಬೇಕಿತ್ತು. ತೊಡಕೆಂದರೆ, ಒಳ್ಳೆಯ ಘಳಿಗೆ ಕಂಪ್ಯೂಟರಿಗೊಂದಕ್ಕೇ ಒಳ್ಳೆಯದಾಗಿರುವುದಿಲ್ಲ. ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ಚಿಕ್ಕಸ್ವಾಮಿಯ ಹೊಸ ಮನೆಯ ಗೃಹಪ್ರವೇಶಕ್ಕೂ ಜೋಯಿಸರು ಅದೇ ಘಳಿಗೆ ಇಟ್ಟುಕೊಟ್ಟು ವೀಳ್ಯ ತೆಗೆದುಕೊಂಡಾಗಿತ್ತು. ಹಾಗಾಗಿ ಗುರುವಾರ ಬೆಳಗ್ಗೆ ಅವರು ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ಟಿನ ನೆತ್ತಿಗೆ ಕುಂಕುಮವಿಟ್ಟು, ಮಗಳನ್ನು ಕರೆದು, "ಪುಟ್ಟಿ, ಕೂಗಿದ ಹೊತ್ತನ್ನ ಗೋಡೆ ಗಡಿಯಾರ ನೋಡಿ ಬರ್ಕೋ. ಮೊದಲು ಅದರ ಜಾತಕಾನೇ ಅದರ ಕೈಲಿ ತೆಗೆಸಿಡು. ಬಂದು ನೋಡ್ತೀನಿ" ಎಂದು ಹೇಳಿ ಬಸ್ಸು ಹಿಡಿದರು. ರಾಘವ ಕೆಲಸಕ್ಕೆ ಹೋಗುವಾಗ "ಶನಿವಾರ ಏಜೆಂಟು ಬರ್ತಾನೆ" ಎಂದು ನೆನಪಿಸಿಯೇ ಹೋದ.

ಪ್ರಮೀಳಾ ಮೊದಲ ಬಸ್ಸಿಗೇ ಬಂದಿದ್ದಳು. ಬೆಂಗಳೂರಿಂದ ತಂದ ಬಿಡಿಭಾಗಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರನ್ನೂ ಪಕ್ಕಕ್ಕೆ ಕೂರಲು ಬಿಡದೆ, ಬಾಣಂತಿ ಮಗುವನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅವಳ ಅಣ್ಣನದು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿ. ಸುಟ್ಟ ಮೋಟರು ಬಿಚ್ಚಿ ತಾಮ್ರದ ತಂತಿ ಸುತ್ತಿ ಸುತ್ತಿ ಅವಳ ಬೆರಳುಗಳಿಗೆ ಯಾವುದಕ್ಕೂ ಅಂಜಿಕೆಯಿರಲಿಲ್ಲ.

ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತರು. ಮೈಯ ಕರೆಂಟು ಬಿಡಿಭಾಗಕ್ಕೆ ತಗುಲದೆ ಇಳಿಯಲೆಂದು ಪ್ರಮೀಳಾ ಗಳಿಗೆಗೊಮ್ಮೆ ಎದ್ದು ಕಿಟಕಿಯ ಸರಳು ಮುಟ್ಟಿ ಬರುತ್ತಿದ್ದಳು. ಅದನ್ನು ನೋಡಿದ ಇಂದಿರಮ್ಮ ಅದೂ ಒಂದು ಶಾಸ್ತ್ರವೇ ಇರಬೇಕೆಂದು ಸರಳಿಗೆ ಒಂದು ಹೂವು ಸಿಕ್ಕಿಸಿದರು. ಮದರ್‌ಬೋರ್ಡು ಕೂತಿತು, ಹಾರ್ಡ್‌ಡಿಸ್ಕು ಕೂತಿತು, ಮೆಮೊರಿಯ ಹಲಗೆಯನ್ನು ಅರ್ಚನ ತಾನೇ ಎರಡು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದಳು. 'ಟಕ್' ಎಂದಾಗ ಅವಳ ಎದೆಯಲ್ಲೂ ಏನೋ ಟಕ್ ಎಂದಿತು. ಇಷ್ಟು ಸಂತೋಷ ಅವಳಿಗೆ ಡಿಗ್ರಿ ಪಾಸಾದ ದಿನವೂ ಆಗಿರಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ಕೊನೆಯ ಒಂದು ಸ್ಕ್ರೂ ಮಾತ್ರ ಉಳಿಸಿಕೊಂಡು, ಇಬ್ಬರೂ ಗಡಿಯಾರ ನೋಡುತ್ತ ಕೂತರು.

ಹನ್ನೊಂದು ಇಪ್ಪತ್ತೈದಕ್ಕೆ ಕರೆಂಟು ಹೋಯಿತು.

"ಬರುತ್ತೆ, ಇನ್ನೂ ಕಾಲು ಗಂಟೆ ಇದೆ" ಎಂದಳು ಅರ್ಚನ. ಹನ್ನೊಂದು ನಲವತ್ತಾಯಿತು. ಐವತ್ತಾಯಿತು. ಬೀದಿಯ ರೇಡಿಯೋಗಳೆಲ್ಲ ಬಾಯಿ ಮುಚ್ಚಿದ್ದವು. ಕಂಪನಿಯವರು ಜೊತೆಗೆ ಕೊಡುವ ಯುಪಿಎಸ್ಸನ್ನು ದಂಡದ ಖರ್ಚೆಂದು ಬಿಡಿಭಾಗಗಳ ಪಟ್ಟಿಯಿಂದ ಹೊಡೆದುಹಾಕಿದವಳು ತಾನೇ ಎಂಬುದು ನೆನಪಾಗಿ ಅರ್ಚನಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ಹನ್ನೆರಡೂ ನಾಲ್ಕಾಯಿತು. ಒಳ್ಳೆಯ ಘಳಿಗೆ ಬಂದು, ಬಾಗಿಲಲ್ಲಿ ನಿಂತು, ಯಾರೂ ಕರೆಯದ್ದರಿಂದ ಮುಂದಿನ ಮನೆಗೆ ಹೋಯಿತು.

ಕರೆಂಟು ಬಂದದ್ದು ಒಂದೂ ಮುಕ್ಕಾಲಿಗೆ. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲವೆಂದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

"ಆಕ್ಬುಡಣ ಕಣಮ್ಮಿ" ಎಂದಳು ಪ್ರಮೀಳಾ. "ವಿಂಡೋಸು ಆಕಕ್ಕೇ ಒಂದೂವರೆ ಗಂಟೆ ಬೇಕು. ನಿಮ್ಮಪ್ಪಾರು ನಾಕಕ್ಕೆ ಬತ್ತಾರೆ. ಈಗ ಆಕ್ದೆ ಓದ್ರೆ ನಿಮ್ಮಣ್ಣ ಕುರ್ಚಿ ಮೇಲೆ ಕಾಲ್ ಮೇಲ್ ಕಾಲ್ ಆಕ್ಕಂಡು ಕುಂತ್ಕತಾನೆ, ನೀನು ಅವ್ನಿಗೆ ಕಾಪಿ ತಂದ್ಕೊಡ್ತಾ ಇರು."

ಆ ಕಾಫಿ ಲೋಟ ಅರ್ಚನಳ ಕಣ್ಣ ಮುಂದೆ ಬಂದು ನಿಂತಿತು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಅಪ್ಪನನ್ನು ಒಪ್ಪಿಸಲು ಆಡಿದ ಮಾತು ತನ್ನದೇ, ಆದರೆ ಜೋಯಿಸರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ರಾಹುಕಾಲವೆಂದರೆ ಒಳಗೊಳಗೇ ಅಳುಕು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದಿರಮ್ಮ ಸೌಟು ಒರೆಸುತ್ತ, ಯಾರಿಗೂ ಹೇಳದವರ ಹಾಗೆ ಹೇಳಿದರು. "ರಾಹುಕಾಲದಲ್ಲಿ ಹುಟ್ಟಿದ್ದೆಲ್ಲ ಕೆಟ್ಟೇ ಹೋಗುತ್ತೆ ಅಂತೇನಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕ್ತೀನಿ. ಆ ಸದ್ದಲ್ಲಿ ನನಗೆ ಬೇರೇನೂ ಕೇಳಿಸಲ್ಲ."

ಒಳಗೆ ಸಾಸಿವೆ ಚಟಪಟ ಎಂದಿತು. ಅರ್ಚನ ಕೊನೆಯ ಸ್ಕ್ರೂ ಬಿಗಿದು ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ಕಂಪ್ಯೂಟರ್ ಒಂದು ಸಲ, ಒಂದೇ ಒಂದು ಸಲ, 'ಕೀ' ಎಂದಿತು. ಗೋಡೆ ಗಡಿಯಾರದಲ್ಲಿ ಒಂದೂ ಐವತ್ತು. ಇಬ್ಬರು ಹುಡುಗಿಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಿರುಚಿದರು.

ಪರದೆಯ ಮೇಲೆ ನೀಲಿ ಬಣ್ಣ ಮೂಡಿ ಅದು ದಿನ ಯಾವುದು, ಹೊತ್ತು ಎಷ್ಟು ಎಂದು ಕೇಳಿತು. ಆಗತಾನೆ ಹುಟ್ಟಿದ್ದು, ಪಾಪ, ಯಾರು ಏನು ಹೇಳಿದರೂ ನಂಬುವ ವಯಸ್ಸು. ಅರ್ಚನ ಹನ್ನೊಂದು ನಲವತ್ತಮೂರು ಎಂದು ಒತ್ತಿದಳು.

"ಕಳ್ಳಿ" ಎಂದಳು ಪ್ರಮೀಳಾ ಮೆಚ್ಚಿಕೊಂಡು.

ಅಲ್ಲಿಂದ ಒಂದಾದ ಮೇಲೊಂದು ಫ್ಲಾಪಿ ತೂರಿಸಿ, ವಿಂಡೋಸ್ ಹಾಕಿ, ಜಾತಕದ ಪ್ರೋಗ್ರಾಮು ಹಾಕಿ, ಪ್ರಿಂಟರಿಗೆ ರಿಬ್ಬನ್ನು ಸಿಕ್ಕಿಸುವಷ್ಟರಲ್ಲಿ ನಾಲ್ಕಾಯಿತು. ಮೊದಲ ಜಾತಕ ಕರ್ರಕರ್ರನೆ ಹೊರಬಿತ್ತು. ಹೆಸರು ಕಂಪ್ಯೂಟರ್, ಊರು ಶ್ರೀರಂಗಪಟ್ಟಣ, ಹುಟ್ಟಿದ್ದು ಹನ್ನೊಂದು ನಲವತ್ತಮೂರು, ವೃಷಭ ಲಗ್ನ. ಪ್ರಮೀಳಾ ತನ್ನ ಬಸ್ಸಿಗೆ ಓಡಿದಳು. ಅವಳು ಬೀದಿ ತಿರುಗುವುದಕ್ಕೂ ಜೋಯಿಸರು ಈ ಕಡೆಯಿಂದ ಬರುವುದಕ್ಕೂ ಸರಿಹೋಯಿತು.

ಜೊತೆಯಲ್ಲಿ ಚಿಕ್ಕಸ್ವಾಮಿಯೂ ಇದ್ದ. ಹೊಸ ಮನೆ ಹೊಕ್ಕ ಖುಷಿಯಲ್ಲಿ ಅವನು ಜೋಯಿಸರ ಅಕ್ಕಿ, ಬೇಳೆ, ತೆಂಗಿನಕಾಯಿಯ ಚೀಲವನ್ನು ತಾನೇ ಹೊತ್ತು ತಂದಿದ್ದ. ಅದಕ್ಕಿಂತ ಮುಖ್ಯವಾಗಿ ಅವನ ಮಗಳು ಹೇಮಶ್ರೀಗೆ ನಾಗಮಂಗಲದ ಕಡೆಯ ಗಂಡೊಂದು ಗೊತ್ತಾಗುವುದರಲ್ಲಿತ್ತು. ಅವರಿಗೆ ಕಂಪ್ಯೂಟರ್ ಜಾತಕವೇ ಬೇಕಂತೆ, ನಾಳೆ ಬೆಳಗ್ಗೆಯೇ ಬೇಕಂತೆ.

"ಓ, ಇದೇನಾ ಸ್ವಾಮಿ?" ಚಿಕ್ಕಸ್ವಾಮಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಕೈಮುಗಿಯುವುದೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಮುಗಿದೇಬಿಟ್ಟ. "ಟೀವಿ ಅಂಗೇ ಅದೆ ಕಣವ್ವ."

ಜೋಯಿಸರು ಬೆಳಗ್ಗಿನಿಂದ ಎರಡು ಬಾಳೆಹಣ್ಣು, ಒಂದು ಲೋಟ ಹಾಲಿನ ಮೇಲಿದ್ದರು. ಆದರೂ ಊಟಕ್ಕೆ ಹೋಗದೆ ಸೀದಾ ಕಂಪ್ಯೂಟರಿನ ಹತ್ತಿರ ಬಂದು ಜಾತಕ ಕೈಗೆತ್ತಿಕೊಂಡರು.

"ಹನ್ನೊಂದು ನಲವತ್ತಮೂರು. ಭೇಷ್. ಕರೆಂಟಿತ್ತೇ?"

"ಇತ್ತು" ಎಂದಳು ಅರ್ಚನ.

"ನಮ್ಮೂರಲ್ಲಿ ಓಗಿತ್ತು ಬುಡವ್ವ" ಎಂದ ಚಿಕ್ಕಸ್ವಾಮಿ. "ಐನೋರು ಮಂತ್ರ ಏಳೋವಾಗ ಮೈಕು ಗಪ್ ಅಂತು."

"ನಿಮ್ಮೂರ ಲೈನೇ ಬೇರೆ" ಎಂದು ಅರ್ಚನ ಬೇಗ ಬೇಗ ಅಂದಳು.

ಜೋಯಿಸರು ಕನ್ನಡಕ ಮೇಲೆ ಕೆಳಗೆ ಮಾಡಿ ಪರದೆಯನ್ನು ನೋಡುತ್ತ ಬಂದರು. ನೋಡುತ್ತ ಬಂದು ಕೆಳಗಿನ ಬಲಮೂಲೆಯಲ್ಲಿ ನಿಂತರು. ಅಲ್ಲಿ ಪುಟ್ಟದಾಗಿ ಎರಡು ಗಂಟೆ ಮೂರು ನಿಮಿಷ ಎಂದಿತ್ತು. ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ನಾಲ್ಕೂ ಹತ್ತು.

ಹುಟ್ಟಿದಾಗ ಹೇಳಿದ ಸುಳ್ಳನ್ನು ಕಂಪ್ಯೂಟರ್ ನಂಬಿಕೊಂಡು ಅಲ್ಲಿಂದ ಪ್ರಾಮಾಣಿಕವಾಗಿ ಎಣಿಸುತ್ತ ಬಂದಿತ್ತು. ಗಡಿಯಾರವನ್ನು ಮತ್ತೆ ಸರಿಮಾಡಬೇಕೆಂಬುದು ಇಬ್ಬರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಜೋಯಿಸರ ಬೆರಳುಗಳು ತಮ್ಮಷ್ಟಕ್ಕೇ ಗೆಣ್ಣು ಎಣಿಸುತ್ತಿದ್ದವು. ಮೂವತ್ತು ವರ್ಷ ಘಳಿಗೆ, ವಿಘಳಿಗೆ ಕೂಡಿ ಕಳೆದವರಿಗೆ ಇದು ಯಾವ ಲೆಕ್ಕ? ಬೆರಳು ಒಂದೂ ಐವತ್ತಕ್ಕೆ ಬಂದು ನಿಂತಾಗ ಅವರ ಹುಬ್ಬು ಮೇಲೇರಿತು. ಹೋಯಿತು, ಕುರ್ಚಿ ಹೋಯಿತು ಎಂದುಕೊಂಡಳು ಅರ್ಚನ.

"ಪುಟ್ಟಿ, ಇದು..." ಎಂದು ಜೋಯಿಸರು ಬಾಯಿ ತೆರೆದರು.

"ಬಸ್ಸಿಗೆ ಒತ್ತಾಯ್ತದೆ ಸ್ವಾಮಿ, ಮೊದ್ಲು ನನ್ ಮಗಳದ್ದು ತಗದ್ಬುಡಿ" ಎಂದು ಚಿಕ್ಕಸ್ವಾಮಿ ನಡುವೆ ಬಾಯಿ ಹಾಕಿದ. "ಈ ಕಂಪೂಟ್ರು ಸುಳ್ಳೇಳಕ್ಕಿಲ್ವಂತಲ್ಲ, ನಾಗಮಂಗಲದೋರು ಅಂಗಂದ್ರು. ಬರ್ಕವ್ವ, ನಾ ಏಳ್ತೀನಿ." ಹುಟ್ಟಿದ ತಾರೀಕು ಹೇಳಿದ. "ಒತ್ತು ಬೆಳಗಿನ ಆರು ಗಂಟೆ. ನಮ್ಮೋಳು ಚಿಕ್ಕಬೋರಮ್ಮ ಈಗ್ಲೂ ಏಳ್ತಾಳೆ, ಸಕ್ರೆ ಫ್ಯಾಕ್ಟ್ರಿ ಸೈರನ್ನು ಕೂಗ್ತಾ ಇದ್ದಂಗೇ ಮಗು ಬಿತ್ತು ಅಂತ."

ಅರ್ಚನ ಆರು ಗಂಟೆ ಎಂದು ಒತ್ತಿದಳು. ಕಂಪ್ಯೂಟರ್ ಒಂದು ಕ್ಷಣ ಗುರುಗುಟ್ಟಿ ನಕ್ಷತ್ರ ತೋರಿಸಿತು. ಮೂಲಾ.

ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗುವುದಿಲ್ಲವೆಂದು ಆ ಸೀಮೆಯಲ್ಲಿ ಎಷ್ಟು ಸಂಬಂಧಗಳು ಬಾಗಿಲಲ್ಲೇ ಮುರಿದುಬಿದ್ದಿವೆ ಎಂಬುದು ಅರ್ಚನಳಿಗೆ ಗೊತ್ತು. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಕಿಟಕಿಯಾಚೆ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅಳೇದೂ ತಂದಿವ್ನಿ, ಗೆದ್ಲು ತಿಂದ್ಬುಟ್ಟದೆ" ಎಂದು ಚಿಕ್ಕಸ್ವಾಮಿ ಅಂಗಿಯ ಜೇಬಿನಿಂದ ಮಡಿಸಿದ ಕಾಗದವನ್ನು ತೆಗೆದುಕೊಟ್ಟ. ಅಂಚೆಲ್ಲ ತೂತು. ಅರಿಶಿನ ಸವರಿದ ಹಳೆಯ ಜಾತಕ, ಕೆಂಪು ಶಾಯಿಯ ಕುಂಡಲಿ, ಅಪ್ಪನದೇ ಮುದ್ದಾದ ಅಕ್ಷರ. ಹುಟ್ಟಿದ ಹೊತ್ತು ಬೆಳಗ್ಗೆ ಆರೂ ಮೂವತ್ತೈದು. ನಕ್ಷತ್ರ ಪೂರ್ವಾಷಾಢ.

ಅರ್ಚನ ಕಾಗದ ನೋಡಿದಳು. ಪರದೆ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಇಷ್ಟು ಹೊತ್ತೂ ತಡೆದುಕೊಂಡಿದ್ದ ಅಳು ನಗುವಾಗಿ ತಿರುಗಿಕೊಂಡು ಅವಳನ್ನು ಪೀಡಿಸತೊಡಗಿತು. ಮೂವತ್ತೈದು ನಿಮಿಷ! ತಾನು ಇಡೀ ದಿನ ಬೆವರು ಸುರಿಸಿ ಮಾಡಿದ ಕಳ್ಳತನವನ್ನು ಈ ಮನುಷ್ಯ ಕೆಂಪು ಶಾಯಿಯಲ್ಲಿ ಅರಿಶಿನ ಸವರಿಕೊಂಡು ಮಾಡಿದ್ದಾರೆ.

ಜೋಯಿಸರು ಒಮ್ಮೆ ಕೆಮ್ಮಿ ಮಗಳ ಪಕ್ಕಕ್ಕೆ ಬಗ್ಗಿದರು. ಅವರ ದನಿ ಅವಳಿಗೊಬ್ಬಳಿಗೇ ಕೇಳುವಷ್ಟಿತ್ತು. "ಆರೂ ಮೂವತ್ತೈದು ಒತ್ತು. ಆ ಮಗು ಇಪ್ಪತ್ತೊಂದು ವರ್ಷದಿಂದ ಆ ಹೊತ್ತಿಗೇ ಹುಟ್ಟಿದೆ."

"ಸೈರನ್ನು ಆರಕ್ಕಲ್ವಾ ಕೂಗೋದು ಅಪ್ಪ?" ಎಂದು ಪಿಸುಗುಟ್ಟಿದಳು ಅರ್ಚನ.

"ಅವತ್ತು ತಡವಾಗಿ ಕೂಗಿತು" ಎಂದರು ಜೋಯಿಸರು, ಗೋಡೆ ಗಡಿಯಾರವನ್ನೊಮ್ಮೆ, ಪರದೆಯ ಮೂಲೆಯನ್ನೊಮ್ಮೆ ನೋಡಿ. "ಇವತ್ತು ಇಲ್ಲಿ ಬೇಗ ಕೂಗಲಿಲ್ಲವೇ, ಹಾಗೆ."

ಅರ್ಚನ ಆರೂ ಮೂವತ್ತೈದು ಒತ್ತಿದಳು. ಪೂರ್ವಾಷಾಢ ನಕ್ಷತ್ರದ, ಮಾವನಿಗೆ ಯಾವ ತಕರಾರೂ ಇಲ್ಲದ ಹೇಮಶ್ರೀ ಪ್ರಿಂಟರಿನಿಂದ ಕರ್ರಕರ್ರನೆ ಹೊರಬಂದಳು. ಚಿಕ್ಕಸ್ವಾಮಿ ಕಾಗದವನ್ನು ಕಣ್ಣಿಗೊತ್ತಿಕೊಂಡು, ಹಳೆಯದರ ಪಕ್ಕದಲ್ಲಿ ಹಿಡಿದು, ನಕ್ಷತ್ರದ ಹೆಸರನ್ನು ಕೂಡಿಸಿ ಕೂಡಿಸಿ ಓದಿದ. "ಎರಡೂ ಒಂದೇ ಅದೆ! ನಮ್ ಜೋಯಿಸ್ರು ಕೈಲಿ ಬರ್ದಿದ್ದನ್ನ ಕಂಪೂಟ್ರೂ ಒಪ್ಕಂಡದೆ ಅಂತ ಊರೆಲ್ಲ ಸಾರ್ತೀನಿ ಸ್ವಾಮಿ" ಎಂದು ಹೇಳಿ, ಇಂದಿರಮ್ಮ ಕೊಟ್ಟ ಕಾಫಿ ಕುಡಿದು, ಬಸ್ಸಿಗೆ ಹೊರಟ.

ಜೋಯಿಸರು ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಅರ್ಚನ ಕಂಬಕ್ಕೆ ಒರಗಿ ತೀರ್ಪಿಗೆ ಕಾದಳು. ಅವರು ಸಾರನ್ನದ ಮೊದಲ ತುತ್ತು ಮುಗಿಸುವವರೆಗೂ ತಲೆಯೆತ್ತಲಿಲ್ಲ.

"ತಿದ್ದೋದಾದ್ರೆ ಎಲ್ಲ ಕಡೆಯೂ ತಿದ್ದಬೇಕು ಪುಟ್ಟಿ" ಎಂದರು. "ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಸಿಕ್ಕಿಹಾಕಿಕೊಳ್ತೀವಿ. ಹೋಗಿ ಆ ಗಡಿಯಾರ ಸರಿಮಾಡು, ನಿಮ್ಮಣ್ಣ ಬರೋ ಹೊತ್ತಾಯ್ತು. ಶನಿವಾರ ಏಜೆಂಟು ಬರೋದು ಬೇಡ ಅಂತ ಅವನಿಗೆ ನಾನು ಹೇಳ್ತೀನಿ. ಕುರ್ಚಿ ನಿನ್ನದು."

ಅರ್ಚನಳಿಗೆ ಕುಣಿಯಬೇಕೆನಿಸಿತು. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು. "ಅಪ್ಪ, ನಿಜವಾಗ್ಲೂ ಅದು ರಾಹುಕಾಲದಲ್ಲಿ ಹುಟ್ಟಿದ್ದು. ಏನೂ ಆಗಲ್ವಾ?"

ಜೋಯಿಸರು ಹೆಂಡತಿಯ ಕಡೆ ನೋಡಿದರು. ತುಪ್ಪದ ಮಿಳ್ಳೆ ಹಿಡಿದಿದ್ದ ಇಂದಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ರಾಹುಕಾಲದಲ್ಲಿ ಹುಟ್ಟಿದ್ದೊಂದು ಈ ಮನೇಲಿ ಆಗಲೇ ಇದೆ" ಎಂದರು ಜೋಯಿಸರು. "ಇಪ್ಪತ್ತೊಂದು ವರ್ಷದಿಂದ ನೋಡ್ತಾ ಇದೀನಿ. ಮಾತು ಸ್ವಲ್ಪ ಜಾಸ್ತಿ. ಅಪ್ಪನಿಗೇ ಗಾ‌ಳ ಹಾಕುತ್ತೆ. ಮಿಕ್ಕಂತೆ ಬಂಗಾರದಂಥದ್ದು."

ಅರ್ಚನಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. "ನನ್ನ ಜಾತಕದಲ್ಲಿ ಭಾನುವಾರ ಸಾಯಂಕಾಲ ನಾಲ್ಕೂ ಇಪ್ಪತ್ತು ಅಂತಿದೆ, ರಾಹುಕಾಲ ಶುರುವಾಗೋದು ನಾಲ್ಕೂವರೆಗಲ್ವಾ?" ಎಂದಳು ಮೆಲ್ಲಗೆ.

"ಐದೂ ಕಾಲು ಕಣೇ" ಎಂದರು ಇಂದಿರಮ್ಮ, ಅನ್ನಕ್ಕೆ ತುಪ್ಪ ಬಡಿಸುತ್ತ. "ಹೆತ್ತೋಳಿಗೆ ಗೊತ್ತಿಲ್ವೇ? ನಾನಿನ್ನೂ ಕಣ್ಣು ಬಿಟ್ಟಿರಲಿಲ್ಲ, ಇವರು ಆಗಲೇ ಶಾಯಿ ಬಾಟಲಿ ಹುಡುಕ್ತಾ ಇದ್ರು."

ಅರ್ಚನ ಹೋಗಿ ಕುರ್ಚಿಯಲ್ಲಿ ಕೂತಳು. ಕಂಪ್ಯೂಟರಿನ ಗಡಿಯಾರವನ್ನು ಗೋಡೆಯ ಗಡಿಯಾರಕ್ಕೆ ಸರಿಹೊಂದಿಸಿದಳು. ಕಣ್ಣು ಯಾಕೋ ಮಂಜಾಗಿತ್ತು, ಒರೆಸಿಕೊಂಡಳು. ಆಮೇಲೆ ಹೊಸ ಜಾತಕವೊಂದನ್ನು ತೆರೆದು ತನ್ನ ಹೆಸರು, ಊರು, ತಾರೀಕು ತುಂಬಿದಳು. ಹುಟ್ಟಿದ ವೇಳೆ ಎಂಬಲ್ಲಿ ಕಂಪ್ಯೂಟರ್ ಮಿಣುಕುತ್ತ ಕಾದಿತ್ತು. ಹೊರಗೆ ರಾಘವನ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತುತ್ತಿತ್ತು. ಅರ್ಚನ ನಾಲ್ಕೂ ಇಪ್ಪತ್ತು ಎಂದು ಒತ್ತಿದಳು.